ಭಾನುವಾರದ ಬಕೆಟ್

ಸುರ್ಮಾ ನಾಲ್ಕನೇ ಸಲವೂ ಗಬ್ಬ ನಿಲ್ಲಲಿಲ್ಲ.

ಶನಿವಾರ ಬೆಳಿಗ್ಗೆ, ಓಣಿಯ ನಲ್ಲಿಗೆ ನೀರು ಬರುವ ಹೊತ್ತಿಗೆ, ಅದು ಕತ್ತೆತ್ತಿ ಕೂಗಿತು. ಹಸಿದ ದನದ ಕೂಗು ಬೇರೆ, ಬೆದೆಗೆ ಬಂದ ದನದ ಕೂಗು ಬೇರೆ. ಹರಿಹರದ ಆ ಓಣಿಯಲ್ಲಿ ದನ ಕಟ್ಟಿ ಬದುಕಿದವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸಾಯಿಮಾ ಹಿತ್ತಲಿಗೆ ಓಡಿ ಬರುವಷ್ಟರಲ್ಲಿ, ಗೋಡೆಯಾಚೆ ಕೊಡ ತುಂಬುತ್ತಿದ್ದ ಕಮಲಕ್ಕನಿಗೆ ಸುದ್ದಿ ಮುಟ್ಟಿಯೇ ಬಿಟ್ಟಿತ್ತು.

"ಮತ್ತ ಬಂತೇನ ಸಾಯಿಮಾ?"

ಸಾಯಿಮಾ ಸುರ್ಮಾದ ಕತ್ತಿಗೆ ಕೈ ಹಾಕಿ ಗೂಟದತ್ತ ತಿರುಗಿಸಿದಳು. ಉತ್ತರ ಕೊಡುವುದು ಅವಳಿಗೆ ಮೊದಲಿಂದಲೂ ಒಗ್ಗಿ ಬಂದದ್ದಲ್ಲ.

"ಪುಸ್ತಕ ಓದಿ ದನ ಗಬ್ಬ ಆಗಂಗಿದ್ರ, ಲೈಬ್ರರಿ ತುಂಬ ಕರ ಕುಣೀತಿದ್ವು ನೋಡವ್ವ!" ಕಮಲಕ್ಕ ತಾನೇ ಹೇಳಿ ತಾನೇ ನಕ್ಕು, ಕೊಡ ಸೊಂಟಕ್ಕೇರಿಸಿ ಹೋದಳು.

ಒಳಗೆ ಒಲೆಯ ಮುಂದಿದ್ದ ಅಮ್ಮಿ, ಮಾಬೂಬೀ, ಅದನ್ನೆಲ್ಲ ಕೇಳಿಸಿಕೊಂಡಿದ್ದಳು. ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸದೆಯೇ ಅಂದಳು: "ಮುಗೀತು. ನಾಲ್ಕು ಸಲ ಅಂದಿದ್ದೆ, ನಾಲ್ಕಾತು. ಸೋಮವಾರ ಬಾತಿ ಅಂಜನಕುಮಾರನ್ನ ಬಾ ಅಂತೀನಿ."

ಬಾತಿಯ ಅಂಜನಕುಮಾರ ಗೊಡ್ಡು ದನ ಕೊಳ್ಳುವವನು. ಕೊಂಡ ದನವನ್ನು ಎಲ್ಲಿಗೆ ಒಯ್ಯುತ್ತಾನೆಂದು ಕೊಟ್ಟವರು ಯಾರೂ ಕೇಳುವುದಿಲ್ಲ.

"ಅಮ್ಮಿ, ಇನ್ನೊಂದು ಸಲ..."

"ಇನ್ನೊಂದು ಸಲ ಏನು? ನಮ್ಮಪ್ಪನ ಮನೆಯಾಗ ಹನ್ನೆರಡು ದನ ಇದ್ದವು. ಒಂದಕ್ಕೂ ಪುಡಿ ಇಲ್ಲ, ಟಾನಿಕ್ಕಿಲ್ಲ. ವರ್ಷ ವರ್ಷ ಈಯ್ತಿದ್ದವು. ನೀನು ಅದಕ್ಕ ತಕ್ಕಡಿ ಹಿಡಿದು ಮೇವು ಹಾಕಿದಿ, ಡಾಕ್ಟರೇ ಹೇಳಿದ್ರು, ತಿನ್ಸೋದ್ರಾಗ ಏನೋ ತಪ್ಪೈತೆ ಅಂತ. ನಿನ್ನ ಕೈ ಬಿದ್ದೇ ಅದು ಹಿಂಗಾತು."

ಜಗಲಿಯ ಮೇಲೆ ಕೂತು ಎತ್ತಿನ ಲಾಳ ತಟ್ಟುತ್ತಿದ್ದ ಅಬ್ಬಾ, ಮಕ್ತುಮ್ ಸಾಬ್, ತಲೆ ಎತ್ತಲಿಲ್ಲ. ಸುತ್ತಿಗೆ ಒಂದು ಕ್ಷಣ ನಿಂತು, ಮತ್ತೆ ಟಣ್ ಟಣ್ ಎಂದಿತು.

ಸುರ್ಮಾಗೆ ಆ ಹೆಸರು ಇಟ್ಟವಳೇ ಸಾಯಿಮಾ. ಹುಟ್ಟಿದ ದಿನವೇ ಕಣ್ಣಿನ ಸುತ್ತ ಕಾಡಿಗೆ ತೀಡಿದಂಥ ಕಪ್ಪು ಗೆರೆ ಇತ್ತು. ಒಳ್ಳೆಯ ಮೈಕಟ್ಟಿನ ಕರು, ತೂಕಕ್ಕೂ ಕಮ್ಮಿಯಿಲ್ಲ, ಚೆಲುವಿಗೂ ಕಮ್ಮಿಯಿಲ್ಲ. ದಾವಣಗೆರೆಯ ಕಾಲೇಜಿನಲ್ಲಿ ಬಿ.ಎಸ್ಸಿ ಮುಗಿಸಿದ ಸಾಯಿಮಾ, ಜೊತೆಯವರೆಲ್ಲ ಬಟ್ಟೆ ಅಂಗಡಿಯ ಲೆಕ್ಕಕ್ಕೋ ಖಾಸಗಿ ಶಾಲೆಗೋ ಸೇರಿದಾಗ, ತಾನು ದನ ಕಟ್ಟುತ್ತೇನೆಂದು ಮನೆಯಲ್ಲಿ ಹೇಳಲು ಮೂರು ದಿನ ಮಾತು ಕೂಡಿಸಿಕೊಂಡಿದ್ದಳು. ಹೋದ ವರ್ಷ ತಾಯಿ ದನ ಚಾಂದನಿ ಸತ್ತ ಮೇಲೆ ಆ ಹಿತ್ತಲಲ್ಲಿ ಉಳಿದದ್ದು ಸುರ್ಮಾ ಒಂದೇ. ಅದು ಈದರೆ ಉಂಟು, ಇಲ್ಲದಿದ್ದರೆ ಸಾಯಿಮಾಳ ಕೊಟ್ಟಿಗೆಯೂ ಇಲ್ಲ, ಅದರ ಮಾತೂ ಇಲ್ಲ.

ಎಂಟು ತಿಂಗಳ ಹಿಂದೆ ಮೊದಲ ಸಲ ಗಬ್ಬದ ಸೂಜಿ ಹಾಕಿಸಿದ್ದು. ಎರಡನೆಯದೂ ವ್ಯರ್ಥವಾದಾಗ ಅವಳು ದಾವಣಗೆರೆಯಿಂದ ದನದ ಡಾಕ್ಟರು ರವಿಚಂದ್ರ ಅವರನ್ನು ಕರೆಸಿದ್ದಳು. ಅವರು ಭುಜದವರೆಗೆ ಕೈಗವಸು ತೊಟ್ಟು, ಸಣ್ಣ ಸ್ಕ್ಯಾನ್ ಯಂತ್ರ ಹಿಡಿದು ಬಹಳ ಹೊತ್ತು ನೋಡಿದರು. ಅಬ್ಬಾ ಹಗ್ಗ ಹಿಡಿದಿದ್ದರು.

"ಇಲ್ಲಿ ನೋಡಮ್ಮ," ಎಂದು ಪರದೆ ತೋರಿಸಿದರು ಡಾಕ್ಟರು. "ಇದು ಅಂಡಾಶಯ. ಈ ವಯಸ್ಸಿನ ಕಡಸಿಗೆ ಇದರ ತುಂಬ ಸಣ್ಣ ಸಣ್ಣ ಕಪ್ಪು ಗುಳ್ಳೆ ಕಾಣಬೇಕು, ಮೊಟ್ಟೆ ಇರೋ ಗುಳ್ಳೆ. ಇಲ್ಲಿ ಐದಾರು ಇದ್ದರೆ ಹೆಚ್ಚು."

"ಯಾಕೆ ಸರ್?"

"ಹೆಣ್ಣು ಕರುವಿನ ಮೊಟ್ಟೆಯೆಲ್ಲ ಅದು ತಾಯಿ ಹೊಟ್ಟೆಯಲ್ಲಿರುವಾಗಲೇ ತಯಾರಾಗಿಬಿಡುತ್ತೆ. ಹುಟ್ಟಿದ ಮೇಲೆ ಹೊಸದು ಒಂದೂ ಬರೋದಿಲ್ಲ. ಮೊದಲ ಮೂರು ತಿಂಗಳಲ್ಲಿ ತಾಯಿ ಅರೆಹೊಟ್ಟೆಯಲ್ಲಿದ್ದರೆ ಹೀಗಾಗಬಹುದು. ಆಮೇಲೆ ಚೆನ್ನಾಗಿ ತಿನ್ನಿಸಿದರೆ ಕರು ದುಂಡಗೇ ಹುಟ್ಟುತ್ತೆ, ಹೊರಗಿನಿಂದ ಏನೂ ಗೊತ್ತಾಗೋದಿಲ್ಲ. ಇದರ ತಾಯಿಗೆ ಆಗ ಮೇವು ಹೇಗಿತ್ತು?"

ಸಾಯಿಮಾ ಆ ದಿನ ಮಾತ್ರ ತಡವರಿಸದೆ ಉತ್ತರ ಕೊಟ್ಟಿದ್ದಳು. "ದಿನಾ ಎರಡು ಕಿಲೋ ಹಿಂಡಿ ಬೂಸಾ ಸರ್, ಹಸಿಮೇವು ಬೇರೆ. ಒಂದು ದಿನವೂ ತಪ್ಪಿಲ್ಲ."

ಡಾಕ್ಟರು ಅಬ್ಬಾನ ಮುಖ ನೋಡಿದರು. ಅಬ್ಬಾ ಹಗ್ಗವನ್ನು ಅಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡರು.

"ಹಾಗಾದರೆ ಅದಲ್ಲ. ನೀವು ಈಗ ಕೊಡ್ತಿರೋದರಲ್ಲೇ ಏನೋ ಕೊರತೆ ಇರಬೇಕು," ಎಂದು ಡಾಕ್ಟರು ಖನಿಜದ ಪುಡಿ ಬದಲಿಸಿ, ಮೂರು ತಿಂಗಳು ತಿನ್ನಿಸಿ ನೋಡಲು ಹೇಳಿ ಹೋದರು. ಅಮ್ಮಿ ಬಾಗಿಲಲ್ಲೇ ನಿಂತಿದ್ದಳು. ಅಂದಿನಿಂದ ತಪ್ಪು ಯಾರದೆಂದು ಮನೆಯಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ, ಸಾಯಿಮಾಳಿಗೂ ಉಳಿಯಲಿಲ್ಲ. ಮೂರನೆಯ ಸಲ ಹೋಯಿತು, ಈಗ ನಾಲ್ಕನೆಯದು.

ಅವಳು ಡಾಕ್ಟರಿಗೆ ಫೋನ್ ಮಾಡಿದಳು. "ಈ ಬೆದೆಗೆ ಹಾಕಿಸಬೇಡಮ್ಮ," ಎಂದರು ಅವರು. "ಕಾರಣ ಗೊತ್ತಾಗದೆ ಹಾಕಿಸಿ ಏನು ಪ್ರಯೋಜನ? ತಾಯಿಗೆ ಆ ದಿನಗಳಲ್ಲಿ ಏನಾದರೂ ಕಾಯಿಲೆ ಬಂದಿತ್ತಾ, ಕೇಳಿ ನೋಡು."

ಕಾಯಿಲೆ ಎಂದ ಕೂಡಲೇ ಅವಳಿಗೆ ನೆನಪಾಯಿತು. ಗುತ್ತೂರಿನ ಗೋಣೆಪ್ಪ ಕಾಕಾ ಹೇಳಿದ್ದರು, ಚಾಂದನಿಗೆ ಜ್ವರ ಬಂದಿತ್ತೆಂದು.

ಅದು ಮೂರು ವರ್ಷದ ಹಿಂದಿನ ಮಾತು. ಗೋಣೆಪ್ಪ ಅಬ್ಬಾನ ಹಳೆಯ ಗೆಳೆಯ. ಅವರ ಎತ್ತನ್ನು ಕೆಡವಿ ಲಾಳ ಕಟ್ಟುವಾಗ ಹಗ್ಗ ಜಾರಿ, ಎತ್ತು ಝಾಡಿಸಿ ಒದ್ದು, ಅಬ್ಬಾನ ಮಂಡಿ ಚೂರಾಯಿತು. ಗೋಣೆಪ್ಪ ಗೆಳೆಯನನ್ನು ಬೆನ್ನ ಮೇಲೆ ಹೊತ್ತು ಹೊಲದಿಂದ ರಸ್ತೆಯವರೆಗೆ ಓಡಿದ್ದರು. ದಾವಣಗೆರೆಯ ಆಸ್ಪತ್ರೆಯಲ್ಲಿ ಎಂಟು ದಿನ ನೆಲದ ಮೇಲೆ ಮಲಗಿದ್ದರು. ಅಮ್ಮಿ ಆಸ್ಪತ್ರೆಯಲ್ಲಿ, ಸಾಯಿಮಾ ಪರೀಕ್ಷೆಯಲ್ಲಿ. ಹಾಲು ಬತ್ತಿ, ಆಗಷ್ಟೇ ಗಬ್ಬ ನಿಂತಿದ್ದ ಚಾಂದನಿಯನ್ನು ಯಾರು ನೋಡಬೇಕು? "ನಮ್ಮನ್ಯಾಗ ಇರ್ಲಿ ಬಿಡವ್ವ," ಎಂದು ಗೋಣೆಪ್ಪ ತಾವೇ ಹೊಡೆದುಕೊಂಡು ಹೋದರು. ನಾಲ್ಕು ತಿಂಗಳು ಅದು ಗುತ್ತೂರಿನಲ್ಲಿತ್ತು.

ಪ್ರತಿ ಭಾನುವಾರ ಸಾಯಿಮಾ ವಾರಕ್ಕಾಗುವಷ್ಟು ಹಿಂಡಿ ಬೂಸಾದ ಚೀಲ ಹೊತ್ತು ಶೇರ್ ಆಟೋದಲ್ಲಿ ಹೋಗುತ್ತಿದ್ದಳು. ಅವಳು ಹೋಗುವ ಹೊತ್ತಿಗೆ ನೀಲಿ ಬಕೆಟ್ಟಿನಲ್ಲಿ ಹಿಂಡಿ ನೆನೆದಿರುತ್ತಿತ್ತು. ಚಾಂದನಿ ಕಿವಿಯವರೆಗೂ ಮುಖ ಅದ್ದಿ ತಿಂದು, ತಳವನ್ನೂ ನೆಕ್ಕಿ, ಖಾಲಿ ಬಕೆಟ್ಟನ್ನು ಮೂತಿಯಿಂದ ಉರುಳಿಸುತ್ತಿತ್ತು. "ನೋಡು, ಹೆಂಗೆ ತಿಂತೈತೆ! ನಮ್ಮೂರ ನೀರು ಹಿಡಿಸೈತೆ," ಎಂದು ಗೋಣೆಪ್ಪ ನಗುತ್ತಿದ್ದರು. ವಾರ ವಾರ ನೋಡುತ್ತಿದ್ದ ಕಣ್ಣಿಗೆ ಅದು ಇಳಿಯುತ್ತಿದ್ದದ್ದು ಗೊತ್ತಾಗಿರಲಿಲ್ಲ. ಆಮೇಲೆ ದನ ಮನೆಗೆ ಬಂದಾಗ ಪಕ್ಕೆಲುಬು ಎಣಿಸುವ ಹಾಗಿತ್ತು. ನಡುವೆ ಜ್ವರ ಬಂದು ಸೊರಗಿತು ಎಂದರು ಗೋಣೆಪ್ಪ. ಸಾಯಿಮಾ ನಂಬಿದಳು. ಉಳಿದ ಐದು ತಿಂಗಳು ಕೈತುಂಬ ತಿನ್ನಿಸಿದಳು.

ಅದೇ ಶನಿವಾರ ಮಧ್ಯಾಹ್ನ ಅವಳು ಗುತ್ತೂರಿಗೆ ಹೋದಳು. ಗೋಣೆಪ್ಪನ ಹೆಂಡತಿ ತಿಮ್ಮವ್ವ ಅಂಗಳದಲ್ಲಿ ಮೆಕ್ಕೆಜೋಳದ ದಂಟು ಕತ್ತರಿಸುತ್ತಿದ್ದಳು. ಕಾಕಾ ಹೊಲಕ್ಕೆ ಹೋಗಿದ್ದರು.

"ಬಾರವ್ವ, ಕೂಡ್ರು. ಚಾ ಕುಡೀತೀಯೇನು? ಏನಿದು, ಇಷ್ಟು ಬಡವಾಗೀಯ? ನಿಮ್ಮಮ್ಮ ನಿನಗ ಹಾಕೋದನ್ನ ನಿನ್ನ ಕಡಸಿಗೆ ಹಾಕ್ತಾಳೇನು?"

ಸಾಯಿಮಾ ನಕ್ಕಳು. ಚಾ ಬಂತು. ನಿಧಾನಕ್ಕೆ ಕೇಳಿದಳು: "ಚಿಗವ್ವ, ಚಾಂದನಿಗೆ ಆಗ ಬಂದಿತ್ತಲ್ಲ ಜ್ವರ, ಅದು ಎಷ್ಟು ದಿನ ಇತ್ತು? ಡಾಕ್ಟರು ಕೇಳ್ಯಾರ."

"ಜ್ವರಾನಾ?" ತಿಮ್ಮವ್ವ ಕುಡುಗೋಲು ಕೆಳಗಿಟ್ಟಳು. "ಯಾವ ಜ್ವರ? ನಮ್ಮನ್ಯಾಗ ಇದ್ದಾಗ ಅದು ಒಂದು ಸೀನು ಸೀನಲಿಲ್ಲ."

"ಮತ್ತ ಅಷ್ಟು ಸೊರಗಿತ್ತಲ್ಲ?"

"ಬರೇ ಭತ್ತದ ಹುಲ್ಲು ತಿಂದ ದನ ಸೊರಗ್ದೆ ಏನಾಗ್ತೈತೆ?" ತಿಮ್ಮವ್ವ ಅದನ್ನು ಹೇಳಿದ ರೀತಿಯಲ್ಲಿ ಅಳುಕಿರಲಿಲ್ಲ, ಮುಚ್ಚುಮರೆ ಇರಲಿಲ್ಲ. ಹುಲ್ಲಿನ ಬಣ್ಣ ಹೇಳುವವಳ ಹಾಗೆ ಹೇಳಿದಳು. "ಹಾಲಿಲ್ಲದ ದನಕ್ಕ ಯಾರು ಹಿಂಡಿ ಹಾಕ್ತಾರವ್ವ? ಹೊಟ್ಟೆ ಕಂಡ ಮ್ಯಾಲೆ, ಆರನೇ ತಿಂಗಳಿಂದ ಹಾಕೋದು. ಅದಕ್ಕೂ ಮೊದಲು ಒಳಗ ಏನಿರ್ತೈತೆ? ಇಲಿಮರಿಯಷ್ಟು! ಅದು ಏನು ತಿಂತೈತೆ? ನಮ್ಮ ಜರ್ಸಿ ಆಗ ಹಾಲು ಹಿಂಡ್ತಿತ್ತು, ಅದಕ್ಕ ಹಾಕಿದ್ವಿ. ನೀನು ಬರೋ ದಿನ ಮಾತ್ರ ನಿಮ್ಮ ಕಾಕಾ, ಪಾಪ ಹುಡುಗಿ ಬೇಜಾರಾಗ್ತಾಳ, ಬಕೆಟ್ ನೆನೆಸು ಅಂತಿದ್ರು."

ಸಾಯಿಮಾಳ ಕೈಯಲ್ಲಿದ್ದ ಲೋಟ ಬಿಸಿಯಾಗಿತ್ತು. ಅದನ್ನು ಕೆಳಗಿಡಬೇಕೆಂದು ಅವಳಿಗೆ ತೋಚಲಿಲ್ಲ. ಹದಿನಾರು ಭಾನುವಾರ. ಬಕೆಟ್ಟಿನ ತಳ ನೆಕ್ಕುತ್ತಿದ್ದದ್ದು ರುಚಿಗಲ್ಲ. ಆರು ದಿನದ ಹಸಿವಿಗೆ. ಅದರ ಹೊಟ್ಟೆಯೊಳಗೆ ಸುರ್ಮಾ ಇತ್ತು, ಸುರ್ಮಾದ ಹೊಟ್ಟೆಯೊಳಗೆ ಮುಂದಿನ ಕರುಗಳ ಮೊಟ್ಟೆ ಮೂಡುವ ದಿನಗಳವು. ಅವಳು ಎದುರಿಗೇ ನಿಂತು, ದನ ಚೆನ್ನಾಗಿದೆಯೆಂದು ಖುಷಿಪಟ್ಟು, ಗೋಣೆಪ್ಪ ಕಾಕಾನಿಗೆ ಕೈಮುಗಿದು ಬಂದಿದ್ದಳು.

"ಇದನ್ನ ಆಗಲೇ ಹೇಳಬಹುದಿತ್ತಲ್ಲ ಚಿಗವ್ವ," ಎಂದಳು. ದನಿ ತನ್ನದೇ ಎಂದು ಅವಳಿಗೇ ಅನಿಸಲಿಲ್ಲ.

"ನಿಮ್ಮಪ್ಪಗ ಗೊತ್ತಿತ್ತಲ್ಲೇ," ಎಂದಳು ತಿಮ್ಮವ್ವ. "ಕೋಲು ಊರ್ಕೊಂಡು ಒಂದಿನ ಬಂದಿದ್ರಲ್ಲ, ಹೇಳದೇ ಕೇಳದೇ. ಗೋದಲಿಯಾಗ ಬರೇ ಹುಲ್ಲಿದ್ದದ್ದು ನೋಡಿದ್ರು, ಜರ್ಸಿ ಮುಂದಿದ್ದ ನಿಮ್ಮ ಚೀಲಾನೂ ನೋಡಿದ್ರು. ಏನೂ ಅನ್ಲಿಲ್ಲ. ಚಾ ಕುಡಿದು ಹೋದ್ರು. ಮುಂದಿನ ವಾರ ಹೊಡ್ಕೊಂಡು ಹೋದ್ರು. ಯಾಕ, ಹೇಳಿಲ್ಲೇನು ನಿನಗ?"

ಬಾಗಿಲ ಬಳಿ ನೆರಳು ಬಿತ್ತು. ಗೋಣೆಪ್ಪ ಹುಲ್ಲಿನ ಹೊರೆ ಹೊತ್ತು ನಿಂತಿದ್ದರು. ಎಷ್ಟು ಹೊತ್ತಾಗಿತ್ತೋ ಬಂದು. ಹೊರೆ ಇಳಿಸದೆಯೇ, ಅದರ ಕೆಳಗಿನಿಂದ, "ಸಾಯಿಮವ್ವ..." ಎಂದರು. ಅವಳು ಲೋಟವನ್ನು ಕಟ್ಟೆಯ ಮೇಲಿಟ್ಟು, ಅವರ ಪಕ್ಕದಿಂದ ಮೈ ತಾಗದ ಹಾಗೆ ದಾಟಿ ಹೊರಬಿದ್ದಳು.

ರಸ್ತೆಗೆ ಬಂದು ಡಾಕ್ಟರಿಗೆ ಫೋನ್ ಮಾಡಿ ಹೇಳಿದಳು. ಅವರು ತಿಂಗಳುಗಳನ್ನು ಕೇಳಿ ಎಣಿಸಿಕೊಂಡರು. "ಇದೊಂದೇ ಕಾರಣ ಅಂತ ನಾನು ಆಣೆ ಮಾಡಿ ಹೇಳಲಾರೆ. ಆದರೆ ನೋಡಿದ್ದಕ್ಕೆ ಸರಿಯಾಗಿ ಹೊಂದುತ್ತೆ. ಮೊದಲೇ ಹೇಳಿದ್ದರೆ ಇಷ್ಟು ತಿಂಗಳು ಪುಡಿ ತಿನ್ನಿಸಿ ಕಾಯುತ್ತಿರಲಿಲ್ಲವಲ್ಲಮ್ಮ! ಇರೋ ಮೊಟ್ಟೆಯೇ ಕಮ್ಮಿ. ಹಾರ್ಮೋನ್ ಕೊಟ್ಟು, ಹೊತ್ತು ನೋಡಿ ಹಾಕಬೇಕು. ಎರಡು ಸಲ ಪ್ರಯತ್ನ ಮಾಡೋಣ. ಕಷ್ಟ ಇದೆ, ಆದರೆ ಮುಗಿದಿಲ್ಲ. ದನ ಮಾತ್ರ ಮನೆಯಲ್ಲಿರಬೇಕು."

ಅವಳು ಮನೆ ಮುಟ್ಟಿದಾಗ ಅಮ್ಮಿ ನೆರೆಮನೆಗೆ ಹೋಗಿದ್ದಳು. ಅಬ್ಬಾ ಜಗಲಿಯ ಮೇಲೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಅವಳ ಮುಖ ನೋಡಿದವರೇ ಕೈ ನಿಲ್ಲಿಸಿದರು.

"ಗುತ್ತೂರಿಗೆ ಹೋಗಿದ್ದೆ," ಎಂದಳು.

ಅಬ್ಬಾ ಎಣ್ಣೆಯ ಶೀಶೆಗೆ ಮುಚ್ಚಳ ಹಾಕಿದರು. ಅದು ಕೂಡಲಿಲ್ಲ. ಮತ್ತೆ ಹಾಕಿದರು.

"ಅವ ನನ್ನ ಹೊತ್ಕೊಂಡು ಓಡಿದವ, ಬೇಟಿ. ಅವನಿಲ್ಲದಿದ್ರ ಈ ಕಾಲೇ ಇರ್ತಿರಲಿಲ್ಲ. ಒಂದು ಚೀಲ ಹಿಂಡಿಗೆ ಅವನ ಮುಖಕ್ಕ ಏನಂತ ಅನ್ನಲಿ?"

"ಅವರಿಗೆ ಅನ್ನಬ್ಯಾಡ್ರಿ. ನನಗ ಹೇಳಬಹುದಿತ್ತು."

"ಆವಾಗ ಅದರಿಂದ ಹಿಂಗಾಗ್ತೈತೆ ಅಂತ ಯಾರಿಗೆ ಗೊತ್ತಿತ್ತು?"

"ಡಾಕ್ಟರು ಬಂದ ದಿನ ಗೊತ್ತಾತಲ್ಲ ಅಬ್ಬಾ. ನಾನು ಎರಡು ಕಿಲೋ ಅಂದೆ. ನೀವು ಹಗ್ಗ ಹಿಡ್ಕೊಂಡು ಕೇಳ್ತಿದ್ರಿ."

ಅಬ್ಬಾ ಎಣ್ಣೆಯ ಕೈಯನ್ನು ಲುಂಗಿಗೆ ಒರೆಸಿಕೊಂಡರು. ಆಮೇಲೆ ಹೇಳಿದ್ದನ್ನು ಸಮಾಧಾನವೆಂದೇ ಹೇಳಿದರು. ಅದು ಸಮಾಧಾನವಾಗುತ್ತದೆಂದು ನಿಜಕ್ಕೂ ನಂಬಿದ್ದರೇನೋ. "ನಿಮ್ಮಮ್ಮಿಗೆ ಗೊತ್ತಾದ್ರ ಗುತ್ತೂರಿಗೇ ಹೋಗಿ ರಂಪ ಮಾಡ್ತಾಳ. ನೀನಾದ್ರ ಸುಮ್ಮನಿರೋ ಹುಡುಗಿ. ನಾಲ್ಕು ಮಾತು ತಡ್ಕೊಂತಿ ಅಂದ್ಕೊಂಡೆ."

ಗೋಣೆಪ್ಪ ಕಾಕಾ ಮಾಡಿದ್ದು ಕೆಟ್ಟದ್ದು. ಆದರೆ ಆ ಕೆಟ್ಟದ್ದಕ್ಕೆ ಅವರ ಮನೆಯ ಹಾಲು ಕಾರಣ, ಊರಿನ ರೂಢಿ ಕಾರಣ. ಇದು ಹಾಗಲ್ಲ. ಇಷ್ಟು ತಿಂಗಳು ಒಂದೇ ತಟ್ಟೆಯ ಸುತ್ತ ಕೂತು, ಅಮ್ಮಿ ಅವಳ ಕೈಯನ್ನು ಬೈಯುವುದನ್ನು ಕೇಳುತ್ತ, ಅಬ್ಬಾ ತುತ್ತು ಮುರಿದು ತಿಂದಿದ್ದರು. ಇವಳು ತಡೆದುಕೊಳ್ಳುತ್ತಾಳೆಂದು ಅಳತೆ ಮಾಡಿಯೇ ಭಾರ ಹೊರಿಸಿದ್ದರು. ಸಾಯಿಮಾಳಿಗೆ ಅಳು ಬರಲಿಲ್ಲ. ತನ್ನ ಎರಡು ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ದುಪ್ಪಟ್ಟಾದೊಳಗೆ ಸೇರಿಸಿಕೊಂಡಳು.

"ಅಮ್ಮಿಗೆ ನೀವೇ ಹೇಳ್ರಿ. ಸೋಮವಾರದೊಳಗ. ಇಲ್ಲಾಂದ್ರ ಸುರ್ಮಾ ಹೋಗ್ತೈತೆ."

"ಹೇಳ್ತೀನಿ. ನಾನೇ ಹೇಳ್ತೀನಿ."

ಶನಿವಾರ ಕಳೆಯಿತು. ಭಾನುವಾರ ಅಮ್ಮಿ ಒಳ್ಳೆಯ ಮನಸ್ಸಿನಲ್ಲಿದ್ದಳು, ಮಧ್ಯಾಹ್ನ ಪಲಾವ್ ಮಾಡಿದಳು. ಅಬ್ಬಾ ಎರಡು ಸಲ ಗಂಟಲು ಸರಿಮಾಡಿಕೊಂಡರು. ಎರಡು ಸಲವೂ ನೀರು ಕೇಳಿದರು.

ಸೋಮವಾರ ಒಂಬತ್ತಕ್ಕೆ ಅಂಜನಕುಮಾರನ ಸಣ್ಣ ಲಗೇಜ್ ಗಾಡಿ ಓಣಿಯ ಬಾಯಿಗೆ ಬಂದು ನಿಂತಿತು. ಅವನು ಹಲ್ಲಿನ ಸಂದಿಯಲ್ಲಿ ಕಡ್ಡಿ ಆಡಿಸುತ್ತ ಸುರ್ಮಾದ ಸುತ್ತ ಒಂದು ಸುತ್ತು ಬಂದ.

"ನೋಡೋಕೆ ಮದುಮಗಳಂಗೈತೆ ಬೂಬಮ್ಮ. ಇಂಥವೇ ಕೈ ಕೊಡೋದು," ಎಂದ.

"ನೋಡಿದ್ದು ಸಾಕು, ಹೊಡ್ಕೊಂಡು ಹೋಗಪ್ಪ," ಎಂದಳು ಅಮ್ಮಿ. ಮುಖ ಬೇರೆ ಕಡೆ ತಿರುಗಿಸಿಕೊಂಡಿದ್ದಳು. ಅವಳಿಗೂ ಅದು ಸುಲಭವಿರಲಿಲ್ಲ.

ಅಬ್ಬಾ ಕುಂಟುತ್ತ ಗೂಟದ ಹತ್ತಿರ ಹೋಗಿ ಹಗ್ಗ ಬಿಚ್ಚಿದರು. ಸಾಯಿಮಾ ಅವರನ್ನೇ ನೋಡುತ್ತಿದ್ದಳು. ಈಗ ಹೇಳುತ್ತಾರೆ. ಗಂಟು ಬಿಚ್ಚುವಾಗ ಹೇಳುತ್ತಾರೆ, ತಿರುಗಿದಾಗ ಹೇಳುತ್ತಾರೆ. ಅಬ್ಬಾ ತಿರುಗಿದರು. ಅವಳ ಕಣ್ಣು ತಪ್ಪಿಸಿ, ಹಗ್ಗದ ತುದಿಯನ್ನು ಅಂಜನಕುಮಾರನತ್ತ ಚಾಚಿದರು.

ಅಂಗಳದಲ್ಲಿ ಅಪರಿಚಿತರಿದ್ದರೆ ಒಳಗೇ ಉಳಿಯುವ ಹುಡುಗಿ ಅವಳು. ಅದು ಹೇಗೆ ಕಾಲು ಬಂತೋ, ನಡುವೆ ಬಂದು ಹಗ್ಗ ಹಿಡಿದುಕೊಂಡಳು.

"ಅಮ್ಮಿ, ಚಾಂದನಿಗೆ ಗುತ್ತೂರಿನಾಗ ಯಾರೂ ಹಿಂಡಿ ಹಾಕಿಲ್ಲ. ನಾಲ್ಕು ತಿಂಗಳು ಬರೇ ಹುಲ್ಲು. ಇದಕ್ಕ ಹೊಟ್ಟ್ಯಾಗ ಇದ್ದಾಗಲೇ ಹಿಂಗಾಗೈತೆ. ನನ್ನ ಕೈಯಿಂದ ಅಲ್ಲ. ಡಾಕ್ಟರು ಇನ್ನೂ ಎರಡು ಸಲ ನೋಡೋಣ ಅಂದಾರ." ಒಂದೇ ಉಸಿರಿಗೆ ಹೇಳಿದಳು, ನಿಲ್ಲಿಸಿದರೆ ಮತ್ತೆ ಮಾತು ಬರುವುದಿಲ್ಲವೆಂಬ ಹಾಗೆ. "ಅಬ್ಬಾಗೆ ಆವಾಗಲೇ ಗೊತ್ತಿತ್ತು. ಕಣ್ಣಾರೆ ನೋಡಿ ಬಂದಿದ್ರು."

ಅಂಜನಕುಮಾರ ಬಾಯಿಂದ ಕಡ್ಡಿ ತೆಗೆದ. ಅಮ್ಮಿ ಗಂಡನ ಮುಖ ನೋಡಿದಳು. ಅವರ ಕಣ್ಣು ನೆಲಕ್ಕಿಳಿದಿತ್ತು, ನಿಜವೆಂದು ತಿಳಿಯಲು ಅಷ್ಟು ಸಾಕಾಯಿತು.

"ನೀನು ಹೋಗಿ ಬಾರಪ್ಪ," ಎಂದಳು ಅಂಜನಕುಮಾರನಿಗೆ.

"ಅಲ್ಲ ಬೂಬಮ್ಮ, ಗಾಡಿ ಬಾಡಿಗಿ..."

"ಹೋಗಿ ಬಾ ಅಂದೆ."

ಅವನು ಹೋದ. ಗೋಡೆಯಾಚೆ ಕಮಲಕ್ಕನ ಕೊಡದ ಸದ್ದು ಕೂಡ ನಿಂತಿತ್ತು. ರಂಪ ಆಗುತ್ತದೆಂದು ಅಬ್ಬಾ ಭುಜ ಕುಗ್ಗಿಸಿ ನಿಂತಿದ್ದರು. ರಂಪ ಆಗಲಿಲ್ಲ. ಅಮ್ಮಿ ಜಗಲಿಯ ಅಂಚಿಗೆ ಕೂತು, ಸೆರಗಿನ ತುದಿಯಿಂದ ಬಾಯಿ ಒರೆಸಿಕೊಂಡಳು, ಏನೋ ಅಂಟಿದ್ದನ್ನು ತೆಗೆಯುವವಳ ಹಾಗೆ ಮತ್ತೆ ಮತ್ತೆ.

"ನನ್ನ ಬಾಯಿಂದ ಬೈಸಿದ್ರಲ್ಲ," ಎಂದಳು ಗಂಡನಿಗೆ. "ನನ್ನ ಮಗಳನ್ನ, ನನ್ನ ಬಾಯಿಂದ. ಪಕ್ಕದಾಗ ಕೂತು ಉಣ್ತಿದ್ರಿ."

ಅಬ್ಬಾ ಏನೋ ಹೇಳಲು ಬಾಯಿ ತೆರೆದರು.

"ಬ್ಯಾಡ. ಗುತ್ತೂರಿನ ಕತೆ ನನಗ ಹೇಳಬ್ಯಾಡ್ರಿ. ಹೊತ್ಕೊಂಡು ಓಡಿದ್ದು ನನಗೂ ಗೊತ್ತೈತೆ." ಆಮೇಲೆ ಮಗಳ ಕಡೆ ತಿರುಗಿದಳು. "ನಿನಗ ಯಾವಾಗ ಗೊತ್ತಾತು?"

"ಶನಿವಾರ."

"ಶನಿವಾರ," ಎಂದಳು ಅಮ್ಮಿ. "ನಿನ್ನೆ ಪಲಾವ್ ಉಂಡಿ." ಅಷ್ಟೇ ಅಂದು ಎದ್ದು ಒಳಗೆ ಹೋದಳು.

ಸಾಯಿಮಾ ಅಂಗಳದ ನಡುವೆ ನಿಂತಳು. ಸುರ್ಮಾ ಉಳಿದಿತ್ತು. ಬಯಸಿದ್ದು ಅದೊಂದನ್ನೇ. ಆದರೂ ಎದೆಯೊಳಗೆ ಹಗುರಾದದ್ದು ಏನೂ ಇರಲಿಲ್ಲ. ಎರಡು ದಿನ ತಾನೂ ಅಬ್ಬಾನ ಪಕ್ಕ ಕೂತು ತುತ್ತು ಮುರಿದದ್ದು, ಹೇಳಬೇಕಾದವರು ಅವರು ಎಂದು ಕಾದದ್ದು, ಈಗ ಅಮ್ಮಿಯ ಕಣ್ಣಲ್ಲಿ ಅಬ್ಬಾ ಬಾಯಿ ಮುಚ್ಚಿಕೊಂಡಿದ್ದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ಕಂಡೀತು?

ಬಿಸಿಲಿಗೆ ನಿಂತು ಬೇಸತ್ತ ಸುರ್ಮಾ ಕೊಟ್ಟಿಗೆಯ ಕಡೆ ಎಳೆಯಿತು. ಅಬ್ಬಾ ಕುಂಟುತ್ತ ಮುಂದೆ ಬಂದು ಕೈ ಚಾಚಿದರು.

"ಕೊಡು ಬೇಟಿ, ನಾನು ಕಟ್ತೀನಿ."

"ಬ್ಯಾಡ್ರಿ," ಎಂದಳು.

ಇಪ್ಪತ್ಮೂರು ವರ್ಷದಲ್ಲಿ ಅವರಿಗೆ ಅವಳು ಹಾಗೆ ಅಂದದ್ದು ಅದೇ ಮೊದಲು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಅಬ್ಬಾ ಮರೆತು ನಿಂತಿದ್ದರು. ಅವಳು ಅವರನ್ನು ಸುತ್ತಿಕೊಂಡು, ದನವನ್ನು ಒಳಗೆ ನಡೆಸಿಕೊಂಡು ಹೋದಳು.